ಗದ್ದೆಯಲ್ಲೇ ಉದುರಿಹೋಗುವ ಭತ್ತದ ಲೆಕ್ಕ

ಕೊಡಗಿನಲ್ಲಿ ಹುತ್ತರಿಯ ಕದಿರು ತೆಗೆದ ಮೇಲೆ ಭತ್ತದ ಕೊಯ್ಲು ಬಿರುಸಾಗುವ ಹೊತ್ತಿಗೇ ತೋಟಗಳಲ್ಲಿ ಕಾಫಿಯೂ ಹಣ್ಣಾಗಿರುತ್ತದೆ. ಆಳುಗಳು ಮೊದಲು ಹೋಗುವುದು ತೋಟಕ್ಕೆ. ಅವರು ಬಿಡುವಾಗುವವರೆಗೆ ಗದ್ದೆಯಲ್ಲೇ ನಿಂತ ಪೈರು ಅತಿಯಾಗಿ ಬಲಿತು ಕಾಳು ಉದುರಿಸುತ್ತದೆ. ಇಂಥ ನಷ್ಟ ದೇಶದ ಲೆಕ್ಕಪತ್ರಕ್ಕೆ ಸೇರಿದ್ದು ಬಹಳ ತಡವಾಗಿ.

1960ರ ದಶಕದಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಪಾನ್ಸೆ ಸಮಿತಿಯು ಕೊಯ್ಲೋತ್ತರ ನಷ್ಟವನ್ನು ಶೇ. 9.33 ಎಂದು ಅಂದಾಜಿಸಿತು. ಅದರಲ್ಲಿ ಒಕ್ಕಣೆಯ ಪಾಲು 1.68, ಸಾಗಣೆಯದು 0.15, ಸಂಸ್ಕರಣೆಯದು 0.92, ಉಳಿದ 6.58 ಇಲಿ, ಹಕ್ಕಿ, ಕೀಟ ಮತ್ತು ತೇವಾಂಶದಿಂದ ದಾಸ್ತಾನಿನಲ್ಲಿ ಹಾಳಾಗುವ ಪಾಲು. ಕೊಯ್ಯುವಾಗ ಉದುರುವ ಕಾಳಿಗೆ ಆ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ. ಆಹಾರದ ಕೊರತೆಯ ಆ ಕಾಲದಲ್ಲಿ ಸರ್ಕಾರದ ಗಮನ ಗೋದಾಮಿನ ಮೇಲೆಯೇ ಇದ್ದುದು ಸಹಜ; ಧಾನ್ಯ ರಕ್ಷಣೆಯ ಪ್ರಚಾರವೂ ಲೋಹದ ಕಣಜ, ಇಲಿ ಪಾಷಾಣಗಳ ಸುತ್ತಲೇ ಸುತ್ತಿತು. ಕೊಯ್ಲೋತ್ತರ ನಷ್ಟವನ್ನು 1985ರೊಳಗೆ ಅರ್ಧಕ್ಕಿಳಿಸಬೇಕೆಂದು 1975ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಗೊತ್ತುವಳಿ ಅಂಗೀಕರಿಸಿತು. ಅಳೆಯುವ ವಿಧಾನವೇ ಒಂದಿಲ್ಲದಾಗ ಅರ್ಧ ಎಂದರೆಷ್ಟು ಎಂಬ ಪ್ರಶ್ನೆ ಏಳಲೇಬೇಕಿತ್ತು.

ಲುಧಿಯಾನದ ಕೇಂದ್ರೀಯ ಕೊಯ್ಲೋತ್ತರ ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ ಸಂಸ್ಥೆಯ 2015ರ ವರದಿಯು ಭತ್ತದ ನಷ್ಟವನ್ನು ಶೇ. 5.53 ಎಂದಿತು, ಅದರ ಬಹುಪಾಲು ಕೊಯ್ಲು, ಒಕ್ಕಣೆ ಮೊದಲಾದ ರೈತನ ಹಂತದ ಕೆಲಸಗಳದ್ದು. ವಿಧಾನ ಬೇರೆಯಾದ್ದರಿಂದ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನಷ್ಟ ಇಳಿದಿದೆ ಎಂದು ಹಿಗ್ಗುವಂತಿಲ್ಲ, ಆದರೆ ದೃಷ್ಟಿ ಕಣಜದಿಂದ ಗದ್ದೆಗೆ ಹೊರಳಿದ್ದು ಸ್ಪಷ್ಟ.

ಗದ್ದೆಯ ಅಳತೆ ಕಷ್ಟದ್ದೇನಲ್ಲ. ಒಂದು ಚದರ ಮೀಟರಿನ ಚೌಕಟ್ಟನ್ನು ಹಲವೆಡೆ ಇಟ್ಟು, ಕೊಯ್ಲಿಗೆ ಮುಂಚೆಯೇ ಉದುರಿದ್ದನ್ನು ಬೇರೆಯಾಗಿಯೂ ಕೊಯ್ದ ಮೇಲೆ ಉದುರಿದ್ದನ್ನು ಬೇರೆಯಾಗಿಯೂ ಆಯ್ದು ತೂಗಬೇಕು. ಚೌಕಟ್ಟಿಗೆ 20 ಗ್ರಾಂ, ಅಂದರೆ ಹೆಚ್ಚುಕಡಿಮೆ ಸಾವಿರ ಕಾಳು ಸಿಕ್ಕರೆ, ಎಕರೆಗೆ ಸುಮಾರು 80 ಕಿಲೋ ಭತ್ತ ಮಣ್ಣುಪಾಲಾಗಿದೆ ಎಂದರ್ಥ.

ಕಾಳಿನ ತೇವಾಂಶ ಶೇ. 20ರಿಂದ 22ರಷ್ಟಿರುವಾಗಲೇ ಕೊಯ್ದರೆ ಉದುರುವುದು ಕಡಿಮೆ, ಗಿರಣಿಯಲ್ಲಿ ನುಚ್ಚಾಗುವುದೂ ಕಡಿಮೆ. ಬಾಡಿಗೆಗೆ ಬರುವ ಕೊಯ್ಲು ಯಂತ್ರಗಳು ಆಳಿನ ಕೊರತೆಯನ್ನು ಒಂದಷ್ಟು ನೀಗಿಸಿ ಇದನ್ನು ಸಾಧ್ಯವಾಗಿಸಿವೆ. ಆದರೆ ಹಿಂದೆ ಕೊಯ್ದ ಪೈರು ಗದ್ದೆಯಲ್ಲೂ ಮೆದೆಯಲ್ಲೂ ತಾನಾಗಿ ಒಣಗುತ್ತಿತ್ತು; ಯಂತ್ರದಿಂದ ಸುರಿಯುವ ಹಸಿ ಭತ್ತವನ್ನಾದರೋ ತಡಮಾಡದೆ ಹರಡಿ ಶೇ. 14ಕ್ಕೆ ಇಳಿಸದಿದ್ದರೆ ಬಿಸಿಯೇರಿ ಮುಗ್ಗುತ್ತದೆ. ಹರಡಲು ಬೇಕಾದ ಕಣದಲ್ಲಿ ಆ ವಾರಗಳಲ್ಲಿ ಕಾಫಿ ಒಣಗುತ್ತಿರುತ್ತದೆ.