ತಪ್ಪು ಉತ್ತರವನ್ನು ಓದುವುದು ಹೇಗೆ: ಲೂಪ್, ಕಂಡಿಷನ್, ಡೀಬಗ್ಗಿಂಗ್

ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟ ಕೂಡಲೇ ಕೈ ಕೀಬೋರ್ಡಿನ ಕಡೆಗೆ ಓಡುತ್ತದೆ. ಎಲ್ಲೋ ಒಂದು ಕೂಡಿಸಿ, ಇನ್ನೆಲ್ಲೋ ಒಂದು ಚಿಹ್ನೆ ಬದಲಿಸಿ, ಮತ್ತೆ ರನ್ ಮಾಡಿ ನೋಡೋಣ ಅನ್ನಿಸುತ್ತದೆ. ಆ ಅವಸರವನ್ನು ತಡೆಯಬೇಕು ಅನ್ನುವುದಕ್ಕಾಗಿಯೇ ಈ ಟಿಪ್ಪಣಿ. ಬಂದ ಉತ್ತರವನ್ನು ಸ್ವಲ್ಪ ಹೊತ್ತು ನೋಡಿದರೆ, ತಪ್ಪು ಎಲ್ಲಿದೆ ಎಂಬುದನ್ನು ಬಹಳ ಸಲ ಅದೇ ಹೇಳಿಬಿಡುತ್ತದೆ.

ಎಲ್ಲರೂ ಬರೆಯುವ ಪ್ರೋಗ್ರಾಂನಿಂದಲೇ ಶುರು ಮಾಡೋಣ: 1ರಿಂದ 10ರವರೆಗಿನ ಸಂಖ್ಯೆಗಳ ಮೊತ್ತ. ಯಾವ ಭಾಷೆಯಲ್ಲಿ ಬರೆದರೂ ಒಳಗಿನ ವಿಚಾರ ಇಷ್ಟೇ.

ಮೊತ್ತ = 0
1ರಿಂದ 10ರವರೆಗಿನ ಪ್ರತಿ ಸಂಖ್ಯೆಗೆ:
    ಮೊತ್ತ = ಮೊತ್ತ + ಸಂಖ್ಯೆ
ಮೊತ್ತವನ್ನು ಪ್ರಿಂಟ್ ಮಾಡು

ಉತ್ತರ 55 ಬರಬೇಕು. 45 ಬಂತು ಅಂದುಕೊಳ್ಳಿ. ಕಡಿಮೆ ಬಿದ್ದದ್ದು ಸರಿಯಾಗಿ 10, ಅಂದರೆ ಕೊನೆಯ ಸುತ್ತು ನಡೆದೇ ಇಲ್ಲ. ಪೈಥಾನ್‌ನ ರೇಂಜ್‌ಗೆ 1 ಮತ್ತು 10 ಕೊಟ್ಟರೆ ಆಗುವುದು ಇದೇ. ಅದು ಮೊದಲನೆಯದನ್ನು ಸೇರಿಸಿಕೊಂಡು ಕೊನೆಯದನ್ನು ಬಿಡುತ್ತದೆ, 9ಕ್ಕೇ ನಿಲ್ಲುತ್ತದೆ. 56 ಬಂದರೆ ಒಂದು ಹೆಚ್ಚಾಗಿದೆ. ಮೊತ್ತವನ್ನು 0ಯ ಬದಲು 1ರಿಂದ ಶುರು ಮಾಡಿದ್ದೀರಾ ನೋಡಿ. 10 ಬಂದರೆ ಕೊನೆಯ ಸಂಖ್ಯೆ ಮಾತ್ರ ಉಳಿದಿದೆ ಎಂದಾಯಿತು. ಮೊತ್ತ = 0 ಎಂಬ ಸಾಲು ಲೂಪಿನ ಒಳಗೆ ಸೇರಿಕೊಂಡು, ಪ್ರತಿ ಸುತ್ತಿನಲ್ಲೂ ಹಿಂದಿನ ಲೆಕ್ಕವನ್ನೆಲ್ಲ ಅಳಿಸುತ್ತಿದೆ. ಇದನ್ನೇ ಫಂಕ್ಷನ್ ಮಾಡಿ, ರಿಟರ್ನ್ ಸಾಲು ಲೂಪಿನ ಒಳಗೆ ಹೋಗಿದ್ದರೆ, ಮೊದಲ ಸುತ್ತಿನಲ್ಲೇ ಆಚೆ ಬಂದು 1 ಕೊಡುತ್ತದೆ. ಒಂದು ಉತ್ತರದ ಬದಲು ಹತ್ತು ಸಾಲು ಪ್ರಿಂಟ್ ಆದರೆ ಪ್ರಿಂಟ್ ಸಾಲಿನ ಇಂಡೆಂಟೇಷನ್ (ಸಾಲಿನ ಮುಂದೆ ಬಿಡುವ ಖಾಲಿ ಜಾಗ) ತಪ್ಪಿದೆ.

ಇಷ್ಟು ತಪ್ಪುಗಳಲ್ಲಿ ಒಂದರಲ್ಲೂ ಎರರ್ ಮೆಸೇಜ್ ಬರುವುದಿಲ್ಲ ಎಂಬುದನ್ನು ಗಮನಿಸಿ. ಸಿಂಟ್ಯಾಕ್ಸ್ ಎರರ್, ಅಂದರೆ ಭಾಷೆಯ ಬರವಣಿಗೆಯ ನಿಯಮ ತಪ್ಪಿದ ದೋಷ, ಬಂದರೆ ಕಂಪ್ಯೂಟರ್ ತಾನಾಗಿಯೇ ಸಾಲಿನ ನಂಬರ್ ತೋರಿಸುತ್ತದೆ. ಆ ಸಾಲು ಸರಿಯಾಗಿಯೇ ಕಂಡರೆ ಅದರ ಹಿಂದಿನ ಸಾಲನ್ನೂ ನೋಡಿ, ಮುಚ್ಚದೆ ಬಿಟ್ಟ ಬ್ರಾಕೆಟ್ ಅಲ್ಲಿರಬಹುದು. ರನ್‌ಟೈಮ್ ಎರರ್ (ಪ್ರೋಗ್ರಾಂ ನಡೆಯುವಾಗ ಆಗುವ ದೋಷ) ಆದರೆ ಪೈಥಾನ್‌ನಲ್ಲಿ ಉದ್ದನೆಯ ಸಂದೇಶದ ಕೊನೆಯ ಸಾಲನ್ನು ಮೊದಲು ಓದಿ, ಏನಾಯಿತು ಎಂಬುದು ಅಲ್ಲಿರುತ್ತದೆ. ಇವೆರಡೂ ಸುಲಭದವು. ಕಷ್ಟ ಕೊಡುವುದು ಲಾಜಿಕ್ ಎರರ್, ಏಕೆಂದರೆ ಅಲ್ಲಿ ಕಂಪ್ಯೂಟರಿಗೆ ಯಾವ ದೂರೂ ಇಲ್ಲ, ನೀವು ಹೇಳಿದ್ದನ್ನೇ ಅದು ಮಾಡಿದೆ.

ಕಂಡಿಷನ್‌ಗಳಲ್ಲಿ ಈ ಮೌನದ ತಪ್ಪುಗಳು ಇನ್ನೂ ಹೆಚ್ಚು. ದಿನ 6 ಅಥವಾ 7 ಆಗಿದ್ದರೆ ರಜೆ ಎಂದು ಬರೆಯಬೇಕು ಅನ್ನೋಣ. ಮಾತಿನಲ್ಲಿ ಹೇಳುವಂತೆಯೇ ‘ದಿನ == 6 ಆರ್ 7’ ಎಂದು ಪೈಥಾನ್‌ನಲ್ಲಿ ಬರೆದರೆ ಎಲ್ಲ ದಿನವೂ ರಜೆಯೇ. ಆರ್‌ನ ಬಲಗಡೆ ಇರುವ 7 ತಾನೇ ಒಂದು ಪೂರ್ತಿ ಕಂಡಿಷನ್ ಆಗಿಬಿಡುತ್ತದೆ, ಸೊನ್ನೆಯಲ್ಲದ ಸಂಖ್ಯೆ ಯಾವಾಗಲೂ ನಿಜ. ‘ದಿನ == 6 ಆರ್ ದಿನ == 7’ ಎಂದು ಎರಡು ಸಲವೂ ಪೂರ್ತಿ ಬರೆಯಬೇಕು. ಸಿ ಭಾಷೆಯಲ್ಲಿ ಇಫ್ ಒಳಗೆ ಎರಡು ಸಮ ಚಿಹ್ನೆಯ ಬದಲು ಒಂದೇ ಹಾಕಿದರೂ ಇದೇ ಪಾಡು. ಹೋಲಿಸುವ ಬದಲು ಬೆಲೆಯನ್ನು ತುಂಬಿಸಿಬಿಡುತ್ತದೆ. ಪೈಥಾನ್ ಅದನ್ನು ಸಿಂಟ್ಯಾಕ್ಸ್ ಎರರ್ ಎಂದು ಅಲ್ಲೇ ತಡೆಯುತ್ತದೆ.

ಕಂಡಿಷನ್‌ಗಳ ಕ್ರಮವೂ ಮುಖ್ಯ. ಅಧಿಕ ವರ್ಷದ ನಿಯಮ ನೋಡಿ: 4ರಿಂದ ಭಾಗವಾದರೆ ಅಧಿಕ ವರ್ಷ, ಆದರೆ 100ರಿಂದ ಭಾಗವಾದರೆ ಅಲ್ಲ, 400ರಿಂದ ಭಾಗವಾದರೆ ಮತ್ತೆ ಹೌದು. ಹೇಳಿದ ಕ್ರಮದಲ್ಲೇ ಇಫ್, ಎಲಿಫ್, ಎಲಿಫ್ ಎಂದು ಬರೆದರೆ 1900 ಮೊದಲ ಬಾಗಿಲಲ್ಲೇ ಒಳಗೆ ಹೋಗಿ ಅಧಿಕ ವರ್ಷವಾಗುತ್ತದೆ, ಮುಂದಿನ ಎರಡು ಕಂಡಿಷನ್ ಅದನ್ನು ನೋಡುವುದೇ ಇಲ್ಲ. ತೀರಾ ಇಕ್ಕಟ್ಟಾದ ಕಂಡಿಷನ್ ಮೊದಲು ಬರಬೇಕು: 400, ಆಮೇಲೆ 100, ಆಮೇಲೆ 4. ಪರೀಕ್ಷೆಗೆ 2024 ಮತ್ತು 2000 ಎರಡನ್ನೇ ಕೊಟ್ಟರೆ ತಪ್ಪು ಪ್ರೋಗ್ರಾಂ ಕೂಡ ಪಾಸಾಗುತ್ತದೆ. 2023, 2024, 1900, 2000 ಈ ನಾಲ್ಕನ್ನೂ ಕೊಟ್ಟಾಗಲೇ ಪ್ರತಿ ದಾರಿಯಲ್ಲೂ ಒಮ್ಮೆ ನಡೆದಂತಾಗುವುದು.

ಇನ್ನು ವೈಲ್ ಲೂಪ್. ಫಾರ್ ಲೂಪಿನಲ್ಲಿ ಎಣಿಕೆಯನ್ನು ಭಾಷೆಯೇ ನೋಡಿಕೊಳ್ಳುತ್ತದೆ. ವೈಲ್‌ನಲ್ಲಿ ಆ ಹೊಣೆ ನಮ್ಮದು. ಹಾಗಾಗಿ ಬರೆದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು: ಕಂಡಿಷನ್‌ನಲ್ಲಿರುವ ವೇರಿಯಬಲ್ ಪ್ರತಿ ಸುತ್ತಿನಲ್ಲೂ, ಒಳಗಿನ ಪ್ರತಿ ದಾರಿಯಲ್ಲೂ, ಲೂಪ್ ಮುಗಿಯುವ ಕಡೆಗೆ ಬದಲಾಗುತ್ತಿದೆಯೇ? ಬದಲಾದರೂ ಸಾಲದು, ಗುರಿಯನ್ನು ಮುಟ್ಟಬೇಕು. 0ಯಿಂದ ಶುರು ಮಾಡಿ 0.1 ಕೂಡಿಸುತ್ತಾ 1.0ಕ್ಕೆ ಸಮವಾಗುವವರೆಗೆ ಸುತ್ತು ಎಂದರೆ ಆ ಲೂಪ್ ನಿಲ್ಲುವುದಿಲ್ಲ. ಹತ್ತು ಸಲ ಕೂಡಿಸಿದಾಗ ಕಂಪ್ಯೂಟರಿನ ಬೈನರಿ ಲೆಕ್ಕದಲ್ಲಿ ಸಿಗುವುದು 0.9999999999999999. ದಶಮಾಂಶಗಳಿಗೆ ‘ಸಮವಲ್ಲ’ ಎಂಬ ಕಂಡಿಷನ್ ಬೇಡ, ‘ಕಡಿಮೆ’ ಎಂಬುದನ್ನು ಬಳಸಿ.

‘ಒಳಗಿನ ಪ್ರತಿ ದಾರಿಯಲ್ಲೂ’ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್‌ನ ಜೂನ್ ಎಂಬ ಮ್ಯೂಸಿಕ್ ಪ್ಲೇಯರಿನ 30 ಜಿಬಿ ಮಾದರಿಗಳು ಆನ್ ಮಾಡಿದಾಗ ಹಾಗೆಯೇ ಸ್ತಬ್ಧವಾದವು. ಕಾರಣ, ಅದರ ಗಡಿಯಾರದ ಕೋಡಿನಲ್ಲಿದ್ದ ಒಂದು ವೈಲ್ ಲೂಪ್. ನಾವೆಲ್ಲ ಬರೆಯಬಹುದಾದಷ್ಟು ಚಿಕ್ಕದು. 1980ರ ಜನವರಿ 1ರಿಂದ ಎಣಿಸಿದ ದಿನಗಳನ್ನು ಕೊಟ್ಟರೆ ವರ್ಷವನ್ನೂ ಆ ವರ್ಷದ ಎಷ್ಟನೇ ದಿನ ಎಂಬುದನ್ನೂ ಅದು ಹುಡುಕಬೇಕಿತ್ತು. ಅದರ ಸಾರ ಹೀಗಿದೆ.

ವರ್ಷ = 1980
ದಿನ 365ಕ್ಕಿಂತ ಹೆಚ್ಚಿರುವವರೆಗೆ:
    ವರ್ಷ ಅಧಿಕ ವರ್ಷವಾಗಿದ್ದರೆ:
        ದಿನ 366ಕ್ಕಿಂತ ಹೆಚ್ಚಿದ್ದರೆ:
            ದಿನ = ದಿನ - 366
            ವರ್ಷ = ವರ್ಷ + 1
    ಇಲ್ಲದಿದ್ದರೆ:
        ದಿನ = ದಿನ - 365
        ವರ್ಷ = ವರ್ಷ + 1

ಮುಂದಕ್ಕೆ ಓದುವ ಮೊದಲು ತಪ್ಪನ್ನು ನೀವೇ ಹುಡುಕಿ ನೋಡಿ. ಪೆನ್ನು, ಹಾಳೆ ತೆಗೆದುಕೊಂಡು ದಿನ, ವರ್ಷ ಎಂದು ಎರಡು ಕಾಲಂ ಮಾಡಿ, ಪ್ರತಿ ಸುತ್ತಿನ ಬೆಲೆಗಳನ್ನು ಒಂದರ ಕೆಳಗೊಂದು ಬರೆಯಿರಿ. ಇದನ್ನು ಟ್ರೇಸ್ ಟೇಬಲ್ ಎನ್ನುತ್ತಾರೆ. ಹೊಸದಾಗಿ ಕಲಿಯುವವರಿಗೆ, ಪ್ರೋಗ್ರಾಂ ಅನ್ನು ಒಂದೊಂದೇ ಸಾಲಾಗಿ ನಡೆಸಿ ತೋರಿಸುವ ಯಾವ ಡೀಬಗರ್‌ಗಿಂತಲೂ ಇದೇ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಳೆಯ ಮೇಲೆ ಬರೆಯುವಾಗ ‘ಇಲ್ಲಿ ಹೀಗಾಗಬಹುದು’ ಎಂದು ಹಾರಿಸಲು ಬರುವುದಿಲ್ಲ, ಪ್ರತಿ ಸಾಲನ್ನೂ ನಾವೇ ನಡೆಸಬೇಕು.

ಆದರೆ 2008ರ ಕೊನೆಯ ದಿನಕ್ಕೆ ಎಣಿಕೆ 10593. ಅಲ್ಲಿಂದ ಬರೆಯಲು ಹೊರಟರೆ 28 ಸುತ್ತು ಬೇಕು. ಅದೇ ತಪ್ಪನ್ನು ತೋರಿಸುವ ತೀರಾ ಚಿಕ್ಕ ಬೆಲೆ ಯಾವುದು ಎಂದು ಮೊದಲು ಯೋಚಿಸಿ. 1980 ಕೂಡ ಅಧಿಕ ವರ್ಷವೇ, ಅದರ ಕೊನೆಯ ದಿನ 366. ಅದರ ಆಚೆ ಈಚೆಯ ಬೆಲೆಗಳನ್ನೂ ಸೇರಿಸಿ ನೋಡೋಣ. 365 ಕೊಟ್ಟರೆ ಲೂಪಿನೊಳಗೆ ಹೋಗುವುದೇ ಇಲ್ಲ, 1980ರ 365ನೇ ದಿನ, ಸರಿ. 367 ಕೊಟ್ಟರೆ 366 ಕಳೆದು, 1981ರ 1ನೇ ದಿನ, ಅದೂ ಸರಿ. 366 ಕೊಟ್ಟರೆ? ಅದು 365ಕ್ಕಿಂತ ಹೆಚ್ಚು, ಒಳಗೆ ಬಂದೆವು. ಅಧಿಕ ವರ್ಷ, ಹೌದು. 366ಕ್ಕಿಂತ ಹೆಚ್ಚೇ? ಅಲ್ಲ. ಒಳಗಿನ ಇಫ್‌ಗೆ ‘ಇಲ್ಲದಿದ್ದರೆ’ ಇಲ್ಲ, ಹಾಗಾಗಿ ಏನೂ ಬದಲಾಗದೆ ಮತ್ತೆ ಮೇಲಕ್ಕೆ ಹೋಗುತ್ತದೆ. ಟೇಬಲ್‌ನಲ್ಲಿ 366, 1980. ಅದರ ಕೆಳಗೆ 366, 1980. ಅದರ ಕೆಳಗೂ ಅದೇ. ಎರಡು ಸಾಲು ಒಂದೇ ತೆರನಾಗಿ ಬಂದ ಕ್ಷಣವೇ ಅನಂತ ಲೂಪ್ ಸಿಕ್ಕಿತು.

ಆ ಮಾದರಿ ಮಾರುಕಟ್ಟೆಗೆ ಬಂದದ್ದು 2006ರ ನವೆಂಬರ್‌ನಲ್ಲಿ. 2006 ಮತ್ತು 2007ರ ಕೊನೆಯ ದಿನಗಳು ತೊಂದರೆಯಿಲ್ಲದೆ ಕಳೆದವು, ಏಕೆಂದರೆ ಅವು ಅಧಿಕ ವರ್ಷಗಳಲ್ಲ. ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಟ್ಟು, ಜನವರಿ 1ರಂದು ಗ್ರೀನಿಚ್ ಸಮಯ ಮಧ್ಯಾಹ್ನ 12ರ ನಂತರ ಆನ್ ಮಾಡಿ ಎಂದು ಮೈಕ್ರೋಸಾಫ್ಟ್ ಬಳಕೆದಾರರಿಗೆ ಹೇಳಿತು. ನಾವು ಹಾಳೆಯ ಮೇಲೆ ನೋಡಿದ 367 ಸರಿಯಾದದ್ದೂ ಇದೇ ಕಾರಣಕ್ಕೆ: ದಿನ ಒಂದು ಮುಂದೆ ಹೋದರೆ ಲೂಪ್ ತಾನಾಗಿ ಬಿಡಿಸಿಕೊಳ್ಳುತ್ತದೆ.

ಸರಿಪಡಿಸುವುದು ಹೇಗೆ? ಥಟ್ಟನೆ ಹೊಳೆಯುವುದು ‘366ಕ್ಕಿಂತ ಹೆಚ್ಚಿದ್ದರೆ’ ಎಂಬುದನ್ನು ‘366 ಅಥವಾ ಹೆಚ್ಚಿದ್ದರೆ’ ಎಂದು ಮಾಡುವುದು. ಮಾಡಿ, ಟೇಬಲ್ ಮತ್ತೆ ಬರೆಯಿರಿ. 366ರಲ್ಲಿ 366 ಕಳೆದು ದಿನ 0, ವರ್ಷ 1981. ಲೂಪ್ ನಿಂತಿತು, ಆದರೆ 1981ರ ಸೊನ್ನೆಯನೇ ದಿನ ಎಂಬುದು ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಸ್ತಬ್ಧವಾಗುವ ಪ್ರೋಗ್ರಾಂನ ಜಾಗದಲ್ಲಿ ತಪ್ಪು ಹೇಳುವ ಪ್ರೋಗ್ರಾಂ ಬಂತು. ಊಹೆಯ ತಿದ್ದುಪಡಿಯ ಅಪಾಯ ಇದು: ಕಾಣುತ್ತಿದ್ದ ತಪ್ಪು ಕಾಣದ ತಪ್ಪಾಗುತ್ತದೆ.

ಮೂಲ ತೊಂದರೆ ಎಂದರೆ ಲೂಪಿನ ಕಂಡಿಷನ್ ಎಲ್ಲ ವರ್ಷಗಳಿಗೂ 365 ಎಂದೇ ಕೇಳುತ್ತಿದೆ, ಒಳಗಿನ ಇಫ್ ಮಾತ್ರ 366 ಎಂದು ಬೇರೆ ಪ್ರಶ್ನೆ ಕೇಳುತ್ತಿದೆ. ಇಬ್ಬರ ನಡುವೆ 366 ಸಿಕ್ಕಿಕೊಂಡಿದೆ. ವರ್ಷಕ್ಕೆ ಎಷ್ಟು ದಿನ ಎಂದು ಹೇಳುವ ಒಂದು ಚಿಕ್ಕ ಫಂಕ್ಷನ್ ಬರೆದುಕೊಂಡರೆ ಪ್ರಶ್ನೆ ಒಂದೇ ಆಗುತ್ತದೆ.

ವರ್ಷ = 1980
ದಿನ, ಆ ವರ್ಷದ ದಿನಗಳಿಗಿಂತ ಹೆಚ್ಚಿರುವವರೆಗೆ:
    ದಿನ = ದಿನ - ಆ ವರ್ಷದ ದಿನಗಳು
    ವರ್ಷ = ವರ್ಷ + 1

ಕವಲುಗಳೇ ಇಲ್ಲ. ಒಳಗೆ ಬಂದ ಮೇಲೆ ದಿನ ಕಡಿಮೆಯಾಗದೆ ಉಳಿಯುವ ದಾರಿಯೂ ಇಲ್ಲ. ಎರಡು ಸಾಲುಗಳ ಕ್ರಮ ಮಾತ್ರ ಬದಲಿಸಬೇಡಿ. ವರ್ಷವನ್ನು ಮೊದಲು ಹೆಚ್ಚಿಸಿದರೆ ಮುಂದಿನ ವರ್ಷದ ದಿನಗಳನ್ನು ಕಳೆದುಬಿಡುತ್ತೀರಿ. ಇದನ್ನು ನಿಮ್ಮ ಭಾಷೆಯಲ್ಲಿ ಬರೆದು, ಕೊಡುವ ಮೊದಲೇ ಬರಬೇಕಾದ ಉತ್ತರವನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡು, 1, 365, 366, 367, 731, 732 ಕೊಟ್ಟು ನೋಡಿ. 731ಕ್ಕೆ 1981ರ 365ನೇ ದಿನ, 732ಕ್ಕೆ 1982ರ 1ನೇ ದಿನ ಬರಬೇಕು. ಕೊನೆಗೆ 10593 ಕೊಡಿ. 2008ರ 366ನೇ ದಿನ ಬರಬೇಕು.