ಲಾಭ ಪುಸ್ತಕದಲ್ಲಿದೆ, ಸಂಬಳಕ್ಕೆ ಹಣವಿಲ್ಲ

ಮಾರ್ಚ್ ಕೊನೆಯ ವಾರ. ಕೋಲಾರದ ನನ್ನ ಕಚೇರಿಗೆ ಬಂದ ಯುವ ಉದ್ಯಮಿಯೊಬ್ಬರು ಲ್ಯಾಪ್‌ಟಾಪ್ ತೆರೆದು ವರ್ಷದ ಲಾಭ ತೋರಿಸಿದರು: 18 ಲಕ್ಷ ರೂಪಾಯಿ. ಬೋರ್‌ವೆಲ್ ಮೋಟರನ್ನು ಮೊಬೈಲಿನಿಂದಲೇ ಚಾಲೂ ಮಾಡುವ ಪೆಟ್ಟಿಗೆ ತಯಾರಿಸುವ ಕಂಪನಿ ಅವರದು. ಶುರುವಾಗಿ ಮೂರು ವರ್ಷವಾಗಿತ್ತು, ಹನ್ನೊಂದು ಜನ ಕೆಲಸಕ್ಕಿದ್ದರು. ಬ್ಯಾಂಕ್ ಖಾತೆಯಲ್ಲಿ ಎಷ್ಟಿದೆ ಎಂದು ಕೇಳಿದೆ. 2.1 ಲಕ್ಷ. ವಾರದೊಳಗೆ ಕೊಡಬೇಕಾದ ಸಂಬಳವೇ 3.2 ಲಕ್ಷ.

‘ಲಾಭ ಬಂದಿದೆಯಲ್ಲ ಸಾರ್, ಹಾಗಾದರೆ ದುಡ್ಡು ಎಲ್ಲಿ ಹೋಯಿತು?’

ಇಪ್ಪತ್ತು ವರ್ಷಗಳ ನನ್ನ ಲೆಕ್ಕ ಪರಿಶೋಧನೆಯ ವೃತ್ತಿಯಲ್ಲಿ ಅತಿ ಹೆಚ್ಚು ಬಾರಿ ಕೇಳಿದ ಪ್ರಶ್ನೆ ಇದು. ಉತ್ತರವೂ ಸಾಮಾನ್ಯವಾಗಿ ಒಂದೇ: ಬಿಲ್ ಮಾಡಿದೊಡನೆ ಲಾಭ ಪುಸ್ತಕಕ್ಕೆ ಸೇರುತ್ತದೆ, ಹಣ ಕೈಗೆ ಬರುವುದು ಆಮೇಲೆ. ಮೂವರು ಡೀಲರ್‌ಗಳಿಂದ 31 ಲಕ್ಷ ಬರಬೇಕಿತ್ತು. 14 ಲಕ್ಷದ ರಿಲೇ, ಬೋರ್ಡು, ವೈರುಗಳು ಕಪಾಟಿನಲ್ಲಿ ಕುಳಿತಿದ್ದವು. ಇದರ ಮೇಲೆ ಜಿಎಸ್‌ಟಿ. ಉದ್ರಿಗೆ ಮಾರಿದರೂ ಬಿಲ್ ಕೊಟ್ಟ ಮೇಲೆ ತೆರಿಗೆ ನಮ್ಮ ತಲೆಯ ಮೇಲೆಯೇ. ಶೇ 18ರ ತೆರಿಗೆಯ ಸರಕನ್ನು 10 ಲಕ್ಷಕ್ಕೆ ಮಾರಿದರೆ ತೆರಿಗೆ 1.8 ಲಕ್ಷ. ಖರೀದಿಯ ಮೇಲೆ ಕೊಟ್ಟ ತೆರಿಗೆ ಕಳೆದು ಉಳಿದದ್ದನ್ನು, ತಿಂಗಳ ವಿವರ ಸಲ್ಲಿಸುವವರು ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು. ಡೀಲರ್ ಕೊಟ್ಟನೋ ಇಲ್ಲವೋ ಎಂದು ಇಲಾಖೆ ಕೇಳುವುದಿಲ್ಲ.

ಕೋಲಾರದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್‌ನ ಬೆಲೆ 2,000 ರೂಪಾಯಿ ದಾಟಿತ್ತು. ಆಗಲೂ ರೈತರು ಮಾತಿನ ನಡುವೆ ಕೇಳುತ್ತಿದ್ದದ್ದು ‘ಮಂಡಿಯವರು ದುಡ್ಡು ಕೊಟ್ಟರಾ’ ಎಂದೇ. ಹರಾಜಿನಲ್ಲಿ ಕೂಗಿದ ಬೆಲೆ ಬೇರೆ, ಕೈ ಸೇರಿದ ಹಣ ಬೇರೆ ಎಂದು ಅವರಿಗೆ ಯಾರೂ ಕಲಿಸಬೇಕಿಲ್ಲ.

ಅವತ್ತೇ ಒಂದು ಹಾಳೆಯಲ್ಲಿ ಹದಿಮೂರು ವಾರಗಳ ಅಂಕಣ ಗೀಚಿಸಿದೆ. ಪ್ರತಿ ವಾರಕ್ಕೂ ಮೂರೇ ಸಾಲು: ಬರುವ ಹಣ, ಕೊಡಲೇಬೇಕಾದ ಹಣ, ಶನಿವಾರ ಸಂಜೆ ಉಳಿಯುವ ಹಣ. ಬರುವ ಹಣವನ್ನು ಬಿಲ್ಲಿನಲ್ಲಿರುವ ಗಡುವಿನ ದಿನಕ್ಕೆ ಬರೆಯಬಾರದು, ಆ ಗಿರಾಕಿ ರೂಢಿಯಲ್ಲಿ ಎಂದು ಕೊಡುತ್ತಾನೋ ಆ ದಿನಕ್ಕೆ ಬರೆಯಬೇಕು. ಒಬ್ಬ ಡೀಲರ್ ಎರಡು ವರ್ಷದಿಂದ 75 ದಿನಕ್ಕೇ ಕೊಡುತ್ತಿದ್ದರೂ ಇವರು 30 ದಿನ ಎಂದು ಬರೆದಿದ್ದರು. ತಿದ್ದಿದಾಗ ಮೊದಲ ವಾರವಷ್ಟೇ ಅಲ್ಲ, ಆರನೆಯ ವಾರವೂ ಸೊನ್ನೆಗಿಂತ ಕೆಳಗಿಳಿಯಿತು. ಆರನೆಯ ವಾರದ ಕೊರತೆ ಇಂದೇ ಕಂಡರೆ ಹೊಸ ಆರ್ಡರಿಗೆ ಮುಂಗಡ ಕೇಳಬಹುದು, ಬಿಡಿಭಾಗಗಳ ಖರೀದಿ ನಿಲ್ಲಿಸಬಹುದು. ಆ ವಾರವೇ ಕಂಡರೆ ಉಳಿಯುವುದು ಕೈಸಾಲ ಮಾತ್ರ.

ಕಾನೂನಿನ ಬಲವೂ ಇದೆ. ಸರಕು ತಯಾರಿಸುವ ಅಥವಾ ಸೇವೆ ಒದಗಿಸುವ ಕಿರು, ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ, ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್ 1ರಿಂದ ಜಾರಿಯಾದ ಆದಾಯ ತೆರಿಗೆ ನಿಯಮದ ಪ್ರಕಾರ, ಗಡುವು ಮೀರಿ ವರ್ಷಾಂತ್ಯಕ್ಕೂ ಉಳಿದ ಇಂತಹ ಬಾಕಿಯನ್ನು ಖರೀದಿದಾರ ಆ ವರ್ಷದ ಖರ್ಚೆಂದು ಕಳೆಯಲಾಗದು. ಆದ್ದರಿಂದ ಮಾರ್ಚ್‌ನಲ್ಲಿ ಖರೀದಿದಾರನ ಅಕೌಂಟೆಂಟ್ ನಮ್ಮ ಫೋನ್ ಎತ್ತುತ್ತಾನೆ. ಈ ಕಂಪನಿಗೆ ಉದ್ಯಮ್ ನೋಂದಣಿ (ಕಿರು, ಸಣ್ಣ ಉದ್ಯಮವೆಂಬ ಸರ್ಕಾರಿ ದಾಖಲೆ) ಇತ್ತು, ಬಿಲ್ಲಿನ ಮೇಲೆ ಆ ಸಂಖ್ಯೆಯನ್ನೇ ಮುದ್ರಿಸಿರಲಿಲ್ಲ! ಮೊದಲು ಅದನ್ನು ಹಾಕಿಸಿದೆ. ನೋಟಿಸ್ ಕಳಿಸುವುದನ್ನು ಮಾತ್ರ ನಾನು ಕಡೆಗೆ ಇಡುತ್ತೇನೆ. ಒಮ್ಮೆ ನೋಟಿಸ್ ಹೋದರೆ ವ್ಯಾಪಾರ ಮತ್ತೆ ಮೊದಲಿನಂತಾಗುವುದು ಅಪರೂಪ.

ಆಮೇಲೆ ನಾವಿಬ್ಬರೂ ವಾದಕ್ಕಿಳಿದೆವು. ಈ ಹಾಳೆಯನ್ನು ಕೆಲಸದವರಿಗೆ ತೋರಿಸಿ ಎಂದೆ. ಅವರು ಒಪ್ಪಲಿಲ್ಲ. ‘ಹೆದರಿ ಬಿಟ್ಟು ಹೋಗುತ್ತಾರೆ ಸಾರ್.’ ಸಂಬಳದ ದಿನ ಫೋನ್ ಸ್ವಿಚ್ ಆಫ್ ಮಾಡಿದ ಮಾಲೀಕರನ್ನು ನಾನು ನೋಡಿದ್ದೇನೆ. ಜನ ಬಿಟ್ಟು ಹೋಗುವುದು ಅಂಥವರನ್ನು. ಇದನ್ನು ಬಿಡದೆ ಹೇಳಿದ ಮೇಲೆ ಶನಿವಾರ ಸಂಜೆ ಹನ್ನೊಂದು ಜನರನ್ನೂ ಕೂರಿಸಿದರು. ನನ್ನನ್ನೂ ಕರೆದಿದ್ದರು.

ಹಾಳೆಯನ್ನು ಬೆಸುಗೆ ಮೇಜಿನ ಮೇಲೆ ಹರಡಿದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬೋರ್ಡುಗಳಿಗೆ ಬೆಸುಗೆ ಹಾಕುವ ಹಿರಿಯ ಹೆಂಗಸು ಕೇಳಿದ್ದು ಒಂದೇ ಮಾತು: ‘ಯಾವ ತಾರೀಖಿಗೆ ಖಂಡಿತ ಕೊಡುತ್ತೀರಿ, ಅಷ್ಟು ಹೇಳಿಬಿಡಿ ಸಾರ್. ಚೀಟಿ ಕಟ್ಟಬೇಕು.’ ಅರ್ಧ ಈಗ, ಉಳಿದರ್ಧ 12ರಂದು ಎಂದರು. ಮಾಲೀಕರು ತಮ್ಮ ಸಂಬಳವನ್ನು ಬಿಟ್ಟುಕೊಟ್ಟದ್ದು ಹಾಳೆಯಲ್ಲೇ ಕಾಣುತ್ತಿತ್ತು.

ಆಗ ಸರ್ವಿಸ್‌ಗೆ ಹೋಗುವ ಹುಡುಗ ಅತಿ ದೊಡ್ಡ ಬಾಕಿಯ ಮೇಲೆ ಬೆರಳಿಟ್ಟ. ‘ಮುಳಬಾಗಿಲಿನ ಅಂಗಡಿಯವರು ಬೇಕೆಂದೇ ತಡೆದಿದ್ದಾರೆ. ಸಿಡಿಲಿಗೆ ಸುಟ್ಟ ನಾಲ್ಕು ಪೆಟ್ಟಿಗೆ ವಾಪಸು ಕಳಿಸಿದ್ದರು, ನಾವು ಬದಲಿಸಿ ಕೊಡಲಿಲ್ಲ. ನನ್ನನ್ನು ಕಂಡಾಗಲೆಲ್ಲ ಅದನ್ನೇ ಹೇಳುತ್ತಾರೆ.’ ನಾಲ್ಕು ಪೆಟ್ಟಿಗೆಗಳ ಬೆಲೆ ಹದಿನೆಂಟು ಸಾವಿರ. ಅವುಗಳಿಗಾಗಿ ನಿಂತಿದ್ದ ಬಾಕಿ 13 ಲಕ್ಷ. ಮಾಲೀಕರು ಆ ಅಂಗಡಿಗೆ ಎರಡು ತಿಂಗಳಲ್ಲಿ ಇಪ್ಪತ್ತು ಸಲ ಫೋನ್ ಮಾಡಿದ್ದರು, ಪ್ರತಿ ಸಲವೂ ಹಣ ಕೇಳಲು. ಇದನ್ನು ಬಲ್ಲ ಹುಡುಗನಿಗೆ ಹಣ ನಿಂತಿದೆ ಎಂಬುದೇ ಗೊತ್ತಿರಲಿಲ್ಲ.

ಸೋಮವಾರ ಮಾಲೀಕರು ಅದೇ ಹುಡುಗನ ಬೈಕಿನ ಹಿಂದೆ ಕುಳಿತು, ನಾಲ್ಕು ಹೊಸ ಪೆಟ್ಟಿಗೆ ಹಿಡಿದುಕೊಂಡು ಮುಳಬಾಗಿಲಿಗೆ ಹೋದರು. ಅಂಗಡಿಯವರು ಕಾಫಿ ಕೊಟ್ಟು, 5 ಲಕ್ಷದ ಚೆಕ್ ಬರೆದು, ಉಳಿದದ್ದಕ್ಕೆ ಎರಡು ತಾರೀಖು ಹೇಳಿದರಂತೆ. ಆ ಎರಡೂ ತಾರೀಖುಗಳು ಅವತ್ತೇ ಸಂಜೆ ಬೆಸುಗೆ ಮೇಜಿನ ಹಾಳೆಯ ಮೇಲೆ ಏರಿದವು.