ವಿಂಡೋ ಕಳಿಸುವುದು ಬೇರೆ, ಒಯ್ಯುವುದು ಬೇರೆ

ಗದಗಿನ ಮುದ್ರಣಾಲಯವೊಂದಕ್ಕೆ ಲಿನಕ್ಸ್ ಹಾಕಿಕೊಟ್ಟು ವಾರ ಕಳೆದಿರಲಿಲ್ಲ, ಡಿಟಿಪಿ ಮಾಡುವ ಅಕ್ಕ ಹುಬ್ಬಳ್ಳಿಗೆ ಫೋನ್ ಮಾಡಿದರು. "ಸರ್, ಲಗ್ನಪತ್ರಿಕಿ ಕಾಣವಲ್ತರಿ! ಈಗ ಇಲ್ಲೇ ಇತ್ತರಿ."

ಫೈಲಿಗೆ ಏನೂ ಆಗಿರಲಿಲ್ಲ. ಕೈತಪ್ಪಿ ಒತ್ತಿದ ಕೀಯಿಂದ ಪುಟ ಜೋಡಿಸುವ ತಂತ್ರಾಂಶ ಸ್ಕ್ರೈಬಸ್‌ನ ವಿಂಡೋ ಎರಡನೇ ವರ್ಕ್‌ಸ್ಪೇಸಿಗೆ, ಅಂದರೆ ಅದೇ ಪರದೆಯ ಹಿಂದಿರುವ ಇನ್ನೊಂದು ಡೆಸ್ಕ್‌ಟಾಪಿಗೆ ಹೋಗಿತ್ತು. ಅವರು ಒಂದನೆಯದರಲ್ಲೇ ಕೂತಿದ್ದರು. ಲಗ್ನ ನಾಲ್ಕು ದಿನ ಇರುವಾಗ ಪತ್ರಿಕೆ ಮಾಯವಾದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಕೀ ಜೋಡಿಸಿದವನು ನಾನು, ತಪ್ಪು ನನ್ನದೇ.

ಪ್ರೂಫ್ ಮುಗಿದ ಪುಟವನ್ನು ಆಚೆ ಕಳಿಸುವವರಿಗೆ ಪರದೆ ಕದಲಬಾರದು. ಅದೇ ಪುಟವನ್ನು ಒಯ್ದು ಬೇರೆ ಕಡೆ ಕೆಲಸ ಮುಂದುವರಿಸುವವರ ಜೊತೆ ಪರದೆಯೂ ಹೋಗಬೇಕು. ವಿಂಡೋಗಳನ್ನು ಜೋಡಿಸುವ ಐ3 ಎಂಬ ತಂತ್ರಾಂಶದಲ್ಲಿ ಮಾಡ್ (ನಾವೇ ಆರಿಸಿಕೊಳ್ಳುವ ಮುಖ್ಯ ಕೀ), ಶಿಫ್ಟ್, ಅಂಕಿ ಒತ್ತಿದರೆ ವಿಂಡೋ ಹೋಗುತ್ತದೆ, ನೀವು ಇದ್ದಲ್ಲೇ ಇರುತ್ತೀರಿ. ಗ್ನೋಮ್ ಎಂಬ ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಸೂಪರ್ (ವಿಂಡೋಸ್ ಗುರುತಿನ ಕೀ), ಶಿಫ್ಟ್, ಪೇಜ್‌ಡೌನ್ ಒತ್ತಿದರೆ ನೀವೂ ಹೋಗುತ್ತೀರಿ. ಎರಡೂ ಬೇಕಾದವೇ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಕೀ ಇರಲಿ ಎನ್ನುವುದು ನನ್ನ ಹಟ. ಕಳಿಸಿದಾಗ ಎಲ್ಲಿಗೆ ಹೋಯಿತೆಂದು ಪರದೆಯಂಚಿನ ಪಟ್ಟಿಯಾದ ಪ್ಯಾನೆಲ್‌ನಲ್ಲಿ, ಆ ವರ್ಕ್‌ಸ್ಪೇಸಿನ ಪುಟ್ಟ ಚೌಕದಲ್ಲಿ ಕಾಣಬೇಕು. ಕಳಿಸಿದ ಕೂಡಲೇ, ನಾವು ಟೈಪ್ ಮಾಡಿದ್ದು ಈ ವರ್ಕ್‌ಸ್ಪೇಸಿನಲ್ಲಿ ಅದಕ್ಕೂ ಮುಂಚೆ ಬಳಸಿದ ವಿಂಡೋಗೇ ಬೀಳಬೇಕು. ಇಲ್ಲವಾದರೆ ಟೈಪ್ ಮಾಡಿದ ಅರ್ಧ ಸಾಲು ಎಲ್ಲಿ ಬಿತ್ತೆಂದು ಹುಡುಕುವುದೇ ಆಗುತ್ತದೆ.

ಡಯಲಾಗ್‌ಗಳದು ಇನ್ನೊಂದು ಗೋಳು. ಲಿನಕ್ಸ್‌ನಲ್ಲಿ ಪರದೆಯ ಮೇಲೆ ವಿಂಡೋ ಮೂಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ನಲ್ಲಿ ಪ್ರತಿ ವಿಂಡೋಗೂ ಅದರ ವರ್ಕ್‌ಸ್ಪೇಸಿನ ಸಂಖ್ಯೆ ಅಂಟಿರುತ್ತದೆ. 'ಸೇವ್ ಮಾಡಲೇ?' ಎಂದು ಕೇಳುವ ಚಿಕ್ಕ ವಿಂಡೋ ತನ್ನ ತಾಯಿ ಯಾರೆಂದು 'ಟ್ರಾನ್ಸಿಯೆಂಟ್ ಫಾರ್' ಗುರುತಿನಲ್ಲಿ ಹೇಳಿರುತ್ತದೆ. ತಾಯಿ ಹೊರಟರೆ ಮಗುವನ್ನೂ ಹೊರಡಿಸಬೇಕು. ಒಮ್ಮೆ ಹೀಗಾಗದೆ ಡಯಲಾಗ್ ಒಂದನೇ ವರ್ಕ್‌ಸ್ಪೇಸಿನಲ್ಲೇ ಉಳಿಯಿತು. ಎರಡನೆಯದರಲ್ಲಿದ್ದ ತಾಯಿ ವಿಂಡೋ ಉತ್ತರಕ್ಕೆ ಕಾಯುತ್ತ ಯಾವ ಕ್ಲಿಕ್ಕಿಗೂ ಮಿಸುಕಲಿಲ್ಲ. ಸಿಸ್ಟಂ ಹ್ಯಾಂಗ್ ಆಯಿತೆಂದು ಅಕ್ಕ ಪವರ್ ಬಟನ್ ಒತ್ತಿಬಿಟ್ಟರು. ಒಂದು ತಾಸಿನ ಕೆಲಸ ಹೋಯಿತು.

ಬೇರೆ ವರ್ಕ್‌ಸ್ಪೇಸಿನ ವಿಂಡೋ ತಾನಾಗಿ ಮುಂದೆ ಬರಬೇಕೆಂದಾಗ ಏನು ಮಾಡಬೇಕು? ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಲಿನಕ್ಸ್ ಡೆಸ್ಕ್‌ಟಾಪ್ ಮೂರು ದಾರಿ ಕೊಡುತ್ತದೆ: ಆ ವಿಂಡೋವನ್ನು ಇಲ್ಲಿಗೆ ತರುವುದು, ನಮ್ಮನ್ನು ಅಲ್ಲಿಗೆ ಒಯ್ಯುವುದು, ಸುಮ್ಮನಿರುವುದು. ನಾವೇ ಲಿಂಕ್ ಒತ್ತಿದ್ದರೆ ಬ್ರೌಸರ್ ಇರುವಲ್ಲಿಗೆ ಹೋಗಲಿ. ಮೆಸೇಜ್ ಬಂತೆಂದು ಯಾವುದೋ ಆ್ಯಪ್ ನಮ್ಮನ್ನು ಎಳೆದುಕೊಂಡು ಹೋಗಬಾರದು, ಪ್ಯಾನೆಲ್‌ನಲ್ಲಿ ಗುರುತು ಮಿನುಗಿದರೆ ಸಾಕು. ನಾವೇ ಕೇಳಿದ್ದೋ ಅಲ್ಲವೋ ಎಂದು ತಿಳಿಯಲು ಎಕ್ಸ್11ನಲ್ಲಿ ಬಳಸುವವರು ಕೊನೆಗೆ ಕೀ ಒತ್ತಿದ ಸಮಯವನ್ನು ನೋಡಲಾಗುತ್ತದೆ, ಅದರ ಜಾಗಕ್ಕೆ ಬಂದ ಹೊಸ ವ್ಯವಸ್ಥೆ ವೇಲ್ಯಾಂಡ್‌ನಲ್ಲಿ ಟೋಕನ್, ಅಂದರೆ ಅನುಮತಿ ಚೀಟಿ ಬೇಕು.

ಆ ಮುದ್ರಣಾಲಯದಲ್ಲೀಗ ಸೂಪರ್, ಶಿಫ್ಟ್ ಜೊತೆ ಅಂಕಿ ಒತ್ತಿದರೆ ಕಳಿಸುತ್ತದೆ, ಸೂಪರ್, ಕಂಟ್ರೋಲ್ ಜೊತೆ ಒತ್ತಿದರೆ ಒಯ್ಯುತ್ತದೆ. ಕ್ಯಾಲ್ಕುಲೇಟರ್ ಎಲ್ಲ ವರ್ಕ್‌ಸ್ಪೇಸಿನಲ್ಲೂ ಇರಲಿ ಎಂದು ಅಕ್ಕ ಕೇಳಿದರು, ಕಾಗದದ ಲೆಕ್ಕ ಎಲ್ಲೆಡೆ ಬೇಕಂತೆ. ಹಾಗೇ ಮಾಡಿಕೊಟ್ಟೆ.